ಈಸ್ಟರ್ ಮೊದಲು, ಪಸ್ಕ ಆಮೇಲೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

2027ರಲ್ಲಿ ನಮ್ಮ ಈಸ್ಟರ್ ಮಾರ್ಚ್ 28ಕ್ಕೆ, ನಿನ್ನ ಯೆಹೂದಿ ಗೆಳತಿಯ ಮನೆಯ ಪಸ್ಕಹಬ್ಬ, ಅಂದರೆ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಹಬ್ಬ, ಏಪ್ರಿಲ್ 21ರ ಸಂಜೆಗೆ. ಯೇಸುವನ್ನು ಶಿಲುಬೆಗೇರಿಸಿದ್ದೇ ಪಸ್ಕದ ಹೊತ್ತಿಗೆ ಅಂದಮೇಲೆ ಪುನರುತ್ಥಾನ ಮೂರೂವರೆ ವಾರ ಮೊದಲೇ ಹೇಗೆ ಬಂತು ಅಂತ ಕೇಳಿದ್ದೀಯ. ಕ್ಯಾಲೆಂಡರ್ ಅಚ್ಚು ಹಾಕಿದವರ ತಪ್ಪೇನೂ ಇಲ್ಲ. ಈ ಎರಡು ಹಬ್ಬಗಳ ಲೆಕ್ಕ ಬೇರೆಯಾಗಿ 1700 ವರ್ಷ ಆಯಿತು.

ಯೆಹೂದಿಗಳದ್ದೂ ನಮ್ಮ ಪಂಚಾಂಗದ ಥರದ್ದೇ ಲೆಕ್ಕ, ತಿಂಗಳು ಚಂದ್ರನದು, ವರ್ಷ ಸೂರ್ಯನದು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ವರ್ಷಕ್ಕೆ ಸುಮಾರು 11 ದಿನ ಕಡಿಮೆ. ಅದನ್ನು ತುಂಬಲು 19 ವರ್ಷದಲ್ಲಿ 7 ಸಲ ಅಧಿಕಮಾಸ. ನಮ್ಮಲ್ಲಿ ಅದು ಬೇರೆ ಬೇರೆ ತಿಂಗಳಿಗೆ ಬೀಳುತ್ತದೆ. ಅವರಲ್ಲಿ ಯಾವಾಗಲೂ ಅದಾರ್ ತಿಂಗಳೇ ಎರಡಾಗುತ್ತದೆ, ಅದರ ಬೆನ್ನಿಗೇ ನಿಸಾನ್. ಜೆರುಸಲೇಮಿನಲ್ಲಿ ದೇವಾಲಯ ಇದ್ದ ಕಾಲದಲ್ಲಿ ನಿಸಾನ್ 14ರ ಇಳಿಹೊತ್ತಿಗೆ ಕುರಿ ಕೊಯ್ಯುತ್ತಿದ್ದರು. ಸೂರ್ಯ ಮುಳುಗಿದರೆ 15, ಅಂದರೆ ಹುಣ್ಣಿಮೆ, ಶುರು, ಊಟ ಆಗ. 2026ರಲ್ಲಿ ಆ ಹುಣ್ಣಿಮೆ ನಮ್ಮ ದವನದ ಹುಣ್ಣಿಮೆಯೇ.

ಮೊದಲು ಕ್ರೈಸ್ತ ಸಭೆಯೂ ಇದನ್ನೇ ನೋಡುತ್ತಿತ್ತು. ಏಷ್ಯಾ ಮೈನರಿನ ಕ್ರೈಸ್ತರು ವಾರ ಯಾವುದೇ ಇರಲಿ, ನಿಸಾನ್ 14ಕ್ಕೇ ಹಬ್ಬ ಮಾಡುತ್ತಿದ್ದರು. ರೋಮಿನವರಿಗೆ ಭಾನುವಾರವೇ ಆಗಬೇಕು. ಎರಡನೇ ಶತಮಾನದ ಮಧ್ಯದಲ್ಲಿ ಏಷ್ಯಾ ಮೈನರಿನ ಸ್ಮುರ್ನದ ಬಿಷಪ್ ಪಾಲಿಕಾರ್ಪ್ ರೋಮಿಗೇ ಹೋಗಿ ಅಲ್ಲಿಯ ಬಿಷಪ್ ಅನಿಸೆಟಸ್ ಜೊತೆ ಮಾತಾಡಿದರು. ಒಮ್ಮತವಾಗಲಿಲ್ಲ, ಆದರೂ ಜಗಳವಿಲ್ಲದೆ ಬೇರ್ಪಟ್ಟರು. 325ರಲ್ಲಿ ನೈಸಿಯಾದಲ್ಲಿ ಬಿಷಪರ ಸಮಾವೇಶ ನಡೆದ ಹೊತ್ತಿಗೆ ಆ ಸೌಜನ್ಯ ಉಳಿದಿರಲಿಲ್ಲ. ಹಬ್ಬದ ದಿನಕ್ಕೆ ಯೆಹೂದಿಗಳನ್ನು ಅನುಸರಿಸುವುದು ನಮಗೆ ತಕ್ಕದ್ದಲ್ಲ ಅಂತ ಕಾನ್‌ಸ್ಟಂಟೈನ್ ಚಕ್ರವರ್ತಿ ಸಭೆಗಳಿಗೆ ಪತ್ರ ಬರೆದ. ಲೆಕ್ಕ ಬೇರೆಯಾದದ್ದರ ಹಿಂದೆ ಖಗೋಳ ಗಣಿತದಷ್ಟೇ ದ್ವೇಷವೂ ಇತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಈಸ್ಟರಿನ ಈಗಿನ ಲೆಕ್ಕ ನೀನೇ ಮಾಡಬಹುದು. ಸಭೆಯ ಪಟ್ಟಿಯ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್. ಇಸವಿಯನ್ನು 19ರಿಂದ ಭಾಗಿಸು, ಶೇಷಕ್ಕೆ 1 ಕೂಡಿಸು. 2027ಕ್ಕೆ ಶೇಷ 13, ಸಿಗುವ ಸಂಖ್ಯೆ 14. ಸಭೆಯ ಪಟ್ಟಿಯಲ್ಲಿ 14ರ ಎದುರು ಇರುವ ಹುಣ್ಣಿಮೆ ಮಾರ್ಚ್ 22. ಅದು ಸೋಮವಾರ, ಮುಂದಿನ ಭಾನುವಾರ 28. ಹುಣ್ಣಿಮೆಯೇ ಭಾನುವಾರ ಬಿದ್ದರೆ ಒಂದು ವಾರ ಮುಂದಕ್ಕೆ: 2025ರಲ್ಲಿ ಪಟ್ಟಿಯ ಹುಣ್ಣಿಮೆ ಏಪ್ರಿಲ್ 13ರ ಭಾನುವಾರ, ಹಬ್ಬ 20ಕ್ಕೆ. ಎಲ್ಲರೂ ಎಡವುವುದು ಆಕಾಶದ ಹುಣ್ಣಿಮೆ ನೋಡಿ. 2019ರಲ್ಲಿ ಮಾರ್ಚ್ 21ಕ್ಕೇ ನಿಜವಾದ ಹುಣ್ಣಿಮೆ ಇತ್ತು. ಪಟ್ಟಿ ಮಾತ್ರ ಏಪ್ರಿಲ್ 18 ಅಂದಿತು, ಈಸ್ಟರ್ 21ಕ್ಕೆ ಹೋಯಿತು. ಪಟ್ಟಿಯೇ ಪ್ರಮಾಣ. ಅದರ ಹುಣ್ಣಿಮೆ ಮಾರ್ಚ್ 21ಕ್ಕಿಂತ ಮೊದಲು ಬರುವುದೇ ಇಲ್ಲ, ಯೆಹೂದಿ ಅಧಿಕಮಾಸವನ್ನು ಅದು ಕೇಳುವುದೂ ಇಲ್ಲ. ಹಾಗಾಗಿ ಈಗ 19 ವರ್ಷದಲ್ಲಿ ಮೂರು ಸಲ ಪಸ್ಕ ಒಂದು ಹುಣ್ಣಿಮೆ ತಡವಾಗಿ ಬರುತ್ತದೆ. 2016, 2024 ಆಯಿತು, ಇನ್ನು 2027. ಬಹುಪಾಲು ಆರ್ಥೊಡಾಕ್ಸ್ ಸಭೆಗಳು ಹಳೆಯ ಜೂಲಿಯನ್ ಕ್ಯಾಲೆಂಡರಿನ ಲೆಕ್ಕದವರು, ಆ ವರ್ಷ ಅವರಿಗೆ ಮೇ 2.

ಪವಿತ್ರ ಗುರುವಾರದ ಭೋಜನ, ಅಂದರೆ ಶಿಲುಬೆಯ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಮಾಡಿದ ಕೊನೆಯ ಊಟ, ಪಸ್ಕದ ಊಟವೇ ಹೌದೋ ಅಲ್ಲವೋ, ಸುವಾರ್ತೆಗಳಲ್ಲೇ ಎರಡು ಮಾತಿದೆ. ಮಾರ್ಕ, ಮತ್ತಾಯ, ಲೂಕರ ಪ್ರಕಾರ ಹೌದು. ಯೋಹಾನನ ಪ್ರಕಾರ ಊಟ ಪಸ್ಕದ ಹಿಂದಿನ ರಾತ್ರಿಯದು, ಮರಣ ಕುರಿ ಕೊಯ್ಯುವ ದಿನ. ಅದಕ್ಕೇ ಸೈನಿಕರು ಯೇಸುವಿನ ಕಾಲಿನ ಎಲುಬು ಮುರಿಯಲಿಲ್ಲ ಎಂಬುದನ್ನು ಯೋಹಾನ ಒತ್ತಿ ಬರೆಯುತ್ತಾನೆ. ಪಸ್ಕದ ಕುರಿಯ ಎಲುಬು ಮುರಿಯಬಾರದು ಅಂತ ವಿಮೋಚನಕಾಂಡ 12ರಲ್ಲಿದೆ. ಎರಡನ್ನೂ ಹೊಂದಿಸಲು ಹೆಣಗಬೇಡ.

ಪಸ್ಕದ ಹುಳಿಯಿಲ್ಲದ ರೊಟ್ಟಿಯ ವಿಷಯದಲ್ಲಿ ಗೊಂದಲವಿಲ್ಲ. ಹಿಟ್ಟಿಗೆ ನೀರು ಬಿದ್ದಲ್ಲಿಂದ 18 ನಿಮಿಷದೊಳಗೆ ಒಲೆಯಲ್ಲಿ ಬೇಯಬೇಕು. ತಡವಾದರೆ ಹುಳಿಯ ಲೆಕ್ಕ, ಇಡೀ ಹಿಟ್ಟು ಹಬ್ಬಕ್ಕೆ ಸಲ್ಲದು. ಉಬ್ಬದಿರಲಿ ಅಂತ ಲಟ್ಟಿಸಿದ ಮೇಲೆ ತುಂಬಾ ತೂತು ಚುಚ್ಚುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ, ಬೆಂಗಳೂರಿಗೆ ಬಂದು ನೆಲೆಸಿದವರಲ್ಲೂ, ಪವಿತ್ರ ಗುರುವಾರ ಮಾಡುವ ಪೆಸಹಾ ಅಪ್ಪಕ್ಕೂ ಇದೇ ಎಚ್ಚರ ಬೇಕು. ಅಕ್ಕಿಹಿಟ್ಟು, ಉದ್ದು, ತೆಂಗಿನಕಾಯಿ ಸೇರಿದ ಹಿಟ್ಟು ಕಲಸಿದ ಕೂಡಲೇ ಹಬೆಗೆ ಹೋಗಬೇಕು. ಬಿಟ್ಟರೆ ಅದೇ ಉದ್ದು ಹುಳಿ ಬರಿಸಿ ಉಬ್ಬಿಸುತ್ತದೆ. ಮೇಲೆ ಗರಿಗಳ ಭಾನುವಾರದ (ಈಸ್ಟರಿಗೆ ಒಂದು ವಾರ ಮೊದಲಿನದು) ಗರಿಯ ಶಿಲುಬೆ ಇಡುತ್ತಾರೆ, ಮನೆಯ ಹಿರಿಯರು ಮುರಿದು ಹಂಚುತ್ತಾರೆ.

ಐವತ್ತನೆಯ ದಿನದ ಹಬ್ಬವಾದ ಪೆಂತೆಕೋಸ್ತಿನ ಎಣಿಕೆ ಇನ್ನೂ ಸುಲಭ. ಯಾಜಕಕಾಂಡ 23ರಲ್ಲಿ ಜವೆಗೋದಿಯ ಮೊದಲ ಸಿವುಡು ಒಪ್ಪಿಸಿದ ದಿನದಿಂದ ಏಳು ವಾರ, ಐವತ್ತನೆಯ ದಿನ ಗೋದಿಯ ಎರಡು ರೊಟ್ಟಿ, ಅವು ಮಾತ್ರ ಹುಳಿ ಹಾಕಿದವು. ನಾವು ಈಸ್ಟರನ್ನು ಒಂದು ಅಂತ ಎಣಿಸುತ್ತೇವೆ, ಹಾಗಾಗಿ ಯಾವಾಗಲೂ ಭಾನುವಾರ. ಕ್ರಿಸ್ಮಸ್ಸನ್ನೂ ಹೀಗೇ ಒಂದು ಅಂತ ಎಣಿಸಿದರೆ ಎಂಟನೆಯ ದಿನ ಜನವರಿ 1, ಯೇಸುವಿನ ಸುನ್ನತಿಯ ದಿನ. ನಲವತ್ತನೆಯದು ಫೆಬ್ರವರಿ 2, ತಾಯಿಯ ಶುದ್ಧಿಯ ದಿನ.

ನಿಮ್ಮ ಚರ್ಚಿನ ಯುವಕರು ಸೇಡರ್, ಅಂದರೆ ಪಸ್ಕದ ರಾತ್ರಿಯ ವಿಧಿಬದ್ಧ ಊಟ, ಏರ್ಪಡಿಸಿ "ಯೇಸು ಮಾಡಿದ್ದು ಇದೇ" ಅನ್ನುತ್ತಾರಂತೆ. ನನಗೆ ಒಪ್ಪಿಗೆಯಿಲ್ಲ. ಈಗಿನ ಸೇಡರ್ ಕ್ರಮದ ಬಹುಪಾಲು ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ಮೇಲೆ ಯೆಹೂದಿ ಗುರುಗಳಾದ ರಬ್ಬಿಗಳು ಕಟ್ಟಿದ್ದು. ಅದಕ್ಕಿಂತ ಗೆಳತಿ ಕರೆದಾಗ ಅವಳ ಮನೆಗೇ ಹೋಗು. ಕೇಕು, ಬಿಸ್ಕತ್ತು ಒಯ್ಯಬೇಡ, ಹುಳಿ ಹಿಟ್ಟಿನದು ಆ ದಿನಗಳಲ್ಲಿ ಮನೆಯೊಳಗೇ ಇರಬಾರದು. ಹೂವು ಸಾಕು. ವಿಮೋಚನೆಯ ಕಥೆ ಓದಿ ದ್ರಾಕ್ಷಾರಸದ ಎರಡನೇ ಬಟ್ಟಲು ಕುಡಿಯುವ ತನಕ ಊಟ ಬರುವುದಿಲ್ಲ, ಸಂಜೆ ಏನಾದರೂ ತಿಂದು ಹೋಗು. ಬಚ್ಚಿಟ್ಟ ರೊಟ್ಟಿ ತುಂಡು, ಅಫಿಕೋಮನ್, ತಿಂದ ಮೇಲೆ ಮತ್ತೇನೂ ತಿನ್ನುವ ಹಾಗಿಲ್ಲ, ಬೇಕಿದ್ದರೆ ಅದಕ್ಕೆ ಮೊದಲೇ ಬಡಿಸಿಕೋ.

ಇಂತಿ,
ನಿನ್ನ ಅಮ್ಮ