ಮಗಳಿಗೊಂದು ಪತ್ರ: ನಾನೂ ಈಗ ಕೂತು ಉಣ್ಣುತ್ತೇನೆ

ಮೈಸೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ "ರಾತ್ರಿ ಊಟ ಬಿಟ್ಟಿದ್ದೀನಿ ಅಮ್ಮ, ಬರೀ ಒಂದು ಲೋಟ ಕಾಫಿ ಕುಡಿದು ಮಲಗ್ತೀನಿ" ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲೇ ಹೇಳೋಣ ಅಂದುಕೊಂಡೆ. ಆದರೆ ಅಲ್ಲಿ ನಾನು ಬೈದ ಹಾಗೆ ಆಗುತ್ತದೆ, ನೀನು ಸುಮ್ಮನಾಗಿಬಿಡುತ್ತೀಯ. ಈಗ ಎಲ್ಲರೂ ಮಲಗಿದ್ದಾರೆ. ನಿಧಾನವಾಗಿ ಬರೆಯುತ್ತಿದ್ದೇನೆ, ನೀನೂ ನಿಧಾನವಾಗಿ ಓದು.

ನನ್ನ ತೂಕದ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ದೀಪಾವಳಿ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿಸಿದ್ದೆನಲ್ಲ, ಆಗ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀವಿ ಅಂತ ಅರ್ಥ, 6.5 ಆದರೆ ಕಾಯಿಲೆಯೇ. ನನ್ನ ತೂಕ 76 ಕಿಲೋ, ಎತ್ತರ ಐದು ಅಡಿ ಎರಡು ಇಂಚು. ನರ್ಸ್ ಟೇಪ್ ಹಿಡಿದು ಸೊಂಟ ಅಳೆದರು. 96 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ ಅದು 80ರ ಒಳಗೆ ಇರಬೇಕಂತೆ. ಡಾಕ್ಟರು "ಊಟ ಕಡಿಮೆ ಮಾಡಿ, ವಾಕಿಂಗ್ ಮಾಡಿ" ಅಂದರು, ಅಷ್ಟರಲ್ಲಿ ಮುಂದಿನವರನ್ನು ಕರೆದರು.

ಮನೆಗೆ ಬಂದು ಯೋಚನೆ ಮಾಡಿದೆ. ನಾನು ಅಷ್ಟು ಜಾಸ್ತಿ ತಿನ್ನುವವಳೇ ಅಲ್ಲವಲ್ಲ? ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ವಾರ ಬಾಯಿಗೆ ಹಾಕಿಕೊಂಡಿದ್ದನ್ನೆಲ್ಲ ಬರೆದೆ. ಒಂದು ತುಣುಕನ್ನೂ ಬಿಡಲಿಲ್ಲ.

ಆ ವಾರ ನನ್ನ ಕಣ್ಣು ತೆರೆಯಿತು ಪುಟ್ಟಿ. ಕೂತು ಉಂಡಿದ್ದು ಕಡಿಮೆಯೇ. ನಿಂತು ತಿಂದಿದ್ದೇ ಎಲ್ಲ. ಬಾಣಲೆಗೆ ಅಂಟಿಕೊಂಡ ಉಪ್ಪಿಟ್ಟು. ಅಜ್ಜಿ ತಟ್ಟೆಯಲ್ಲಿ ಬಿಟ್ಟ ಅರ್ಧ ರೊಟ್ಟಿ. ನಿನ್ನ ತಮ್ಮನ ಡಬ್ಬಿಯಲ್ಲಿ ಸಂಜೆ ವಾಪಸ್ ಬಂದ ಚಿತ್ರಾನ್ನ. ಮಧ್ಯಾಹ್ನ ಎರಡು ಗಂಟೆಗೆ, ಎಲ್ಲರದ್ದೂ ಆದ ಮೇಲೆ, ಪಲ್ಯದ ಪಾತ್ರೆ ಖಾಲಿ. ಅನ್ನದ ಪಾತ್ರೆಯ ತಳದಲ್ಲಿ ಮಾತ್ರ ಅನ್ನ ಇರುತ್ತಿತ್ತು. ಅದಕ್ಕೆ ಉಳಿದ ಸಾರು ಸುರಿದುಕೊಂಡು ತಿನ್ನುತ್ತಿದ್ದೆ. ತರಕಾರಿ, ಸೊಪ್ಪು, ಕಾಳು ಎಲ್ಲ ನಾನೇ ಕೈಯಾರೆ ಮಾಡಿದ್ದು, ನನ್ನ ತಟ್ಟೆಗೆ ಮಾತ್ರ ಬರುತ್ತಿರಲಿಲ್ಲ. ಜೊತೆಗೆ ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ಐದು ಗ್ರಾಂ ಅಂದರೂ 40 ಗ್ರಾಂ ಆಯಿತು.

ಇದನ್ನು ಯಾರೂ ನನ್ನ ಮೇಲೆ ಹೇರಲಿಲ್ಲ. ನನ್ನಮ್ಮ ಹಾಗೇ ಉಣ್ಣುತ್ತಿದ್ದಳು, ಅಜ್ಜಿಯೂ ಹಾಗೇ. ಅನ್ನ ಚೆಲ್ಲಬಾರದು ಅಂತ ಕಲಿತವರು. ಪಡಿತರದ ಅಂಗಡಿ ಮುಂದೆ ಸಾಲಲ್ಲಿ ನಿಂತು ಅಕ್ಕಿ ತಂದವರಿಗೆ ಅದು ಸರಿಯೇ. ನಾನು ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಚೆಲ್ಲಬಾರದು ಅನ್ನುವುದಕ್ಕೆ ಮನೆಯ ಒಬ್ಬ ಹೆಂಗಸಿನ ಹೊಟ್ಟೆಯೇ ಯಾಕೆ ಜಾಗ ಆಗಬೇಕು?

ಹಾಗಾಗಿ ನಾನು ಮಾಡಿದ ಮೊದಲ ಕೆಲಸ ಊಟ ಕಡಿಮೆ ಮಾಡಿದ್ದಲ್ಲ. ಎಲ್ಲರ ಜೊತೆ ಕೂತೆ. ನನ್ನದೂ ಒಂದು ತಟ್ಟೆ ಇಟ್ಟುಕೊಂಡೆ. ಪಲ್ಯ, ಕೋಸಂಬರಿ ಮೊದಲು ಹಾಕಿಕೊಂಡೆ, ಆಮೇಲೆ ಮುದ್ದೆ ಅಥವಾ ಅನ್ನ.

ಹೇಳುವುದಕ್ಕೆ ಸುಲಭ. ಮೊದಲ ದಿನ ಅಜ್ಜಿ ಏನೂ ಅನ್ನಲಿಲ್ಲ, ಆದರೆ ಎರಡು ಸಲ ನನ್ನ ಮುಖ ನೋಡಿದರು. ಮೂರನೇ ದಿನ ನಿನ್ನ ತಮ್ಮ "ಬಿಸಿ ದೋಸೆ ಯಾರು ಹಾಕಿಕೊಡ್ತಾರೆ?" ಅಂತ ಕೇಳಿದ. ನಾನು ಎದ್ದು ಹೋದೆ. ಆ ರಾತ್ರಿ ನಿಮ್ಮಪ್ಪನ ಹತ್ತಿರ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಸಕ್ಕರೆಯ ಭಯ, ಸುಸ್ತು, ತಳದ ಅನ್ನ, ಎಲ್ಲವೂ. ಇಪ್ಪತ್ತಾರು ವರ್ಷದಲ್ಲಿ ಅವರು ಅದನ್ನು ಗಮನಿಸಿರಲೇ ಇಲ್ಲ. ಅವರಿಗೂ ಕಣ್ಣು ತುಂಬಿತು. ಈಗ ಭಾನುವಾರದ ದೋಸೆ ಅವರದ್ದು. ಉಳಿದ ದಿನ ಎಲ್ಲವನ್ನೂ ಮೇಜಿನ ಮೇಲೆ ತಂದಿಡುತ್ತೇವೆ, ಬೇಕಾದವರು ಬಡಿಸಿಕೊಳ್ಳುತ್ತಾರೆ. ಅಜ್ಜಿಗೆ ಒಗ್ಗಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಈಗ ನಾನು ಒಲೆ ಮುಂದೆ ನಿಂತಿದ್ದರೆ ಅವರೇ "ಬಾಮ್ಮ, ಕೂತ್ಕೊ" ಅಂತಾರೆ.

ಅಕ್ಕಿಯ ಅಳತೆಯನ್ನೂ ಬದಲಿಸಿದೆ. ನೀನು ಬೆಂಗಳೂರಿಗೆ ಹೋದ ಮೇಲೂ ನಾನು ಐದು ಜನಕ್ಕೆ ಅಂತಲೇ ಎರಡು ಪಾವು ಹಾಕುತ್ತಿದ್ದೆ. ನಿನ್ನ ಪಾಲಿನ ಅನ್ನವನ್ನು ಕೈ ತನ್ನಷ್ಟಕ್ಕೆ ಅಳೆಯುತ್ತಿತ್ತು. ಅದನ್ನು ನಿಲ್ಲಿಸಿದ ದಿನ ಯಾಕೋ ತುಂಬಾ ಬೇಜಾರಾಯಿತು. ಆದರೆ ಉಳಿಯುವುದು ಕಡಿಮೆಯಾಯಿತು. ಉಳಿದರೆ ಮುಚ್ಚಿ ಫ್ರಿಜ್ಜಿಗೆ. ಎಣ್ಣೆಯ ಲೆಕ್ಕವನ್ನೂ ಹಾಕಿದೆ. ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಮುಗಿಯುತ್ತಿತ್ತು, ಒಬ್ಬರಿಗೆ ದಿನಕ್ಕೆ 40 ಮಿಲಿಲೀಟರ್ ದಾಟುತ್ತಿತ್ತು. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9. ಬಾಟಲಿಯಿಂದ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿದೆ. ಈಗ ಮೂರು ಲೀಟರ್ ಸಾಕಾಗುತ್ತಿದೆ. ರುಚಿ ಕೆಟ್ಟಿದೆ ಅಂತ ಯಾರೂ ಹೇಳಿಲ್ಲ. ವಾರಕ್ಕೆ ಎರಡು ದಿನ ಬಸ್ಸಾರು ಮಾಡುತ್ತೇನೆ. ಸೊಪ್ಪು, ಕಾಳು ಬೇಯಿಸಿದ ಕಟ್ಟಿನಲ್ಲಿ ಸಾರು, ಬಸಿದ ಸೊಪ್ಪಿನಲ್ಲಿ ತಟ್ಟೆ ತುಂಬ ಪಲ್ಯ. ನನಗಾಗಿ ಬೇರೆ ಅಡುಗೆ ಅಂತ ಏನೂ ಇಲ್ಲ. ಬೇರೆ ಅಡುಗೆ ಮಾಡಿಕೊಂಡಿದ್ದರೆ ಹದಿನೈದು ದಿನದಲ್ಲಿ ನಿಂತುಹೋಗುತ್ತಿತ್ತು.

ವಾಕಿಂಗ್ ವಿಷಯದಲ್ಲಿ ಬಹಳ ಒದ್ದಾಡಿದೆ. ಎಲ್ಲರೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗು ಅಂತಾರೆ. ಬೆಳಿಗ್ಗೆ ತಿಂಡಿ, ಡಬ್ಬಿ, ಅಜ್ಜಿಯ ಮಾತ್ರೆ, ನೀರು ಹಿಡಿಯುವುದು ಬಿಟ್ಟು ಯಾವ ಹೆಂಗಸು ಹೋಗುತ್ತಾಳೆ? ಒಂದು ತಿಂಗಳು ಪ್ರಯತ್ನಪಟ್ಟು ಕೈಬಿಟ್ಟೆ. ಆಮೇಲೆ ರಾತ್ರಿ ಊಟವಾದ ಮೇಲೆ ನಮ್ಮ ಬೀದಿಯಲ್ಲೇ ಅರ್ಧ ಗಂಟೆ ಶುರುಮಾಡಿದೆ. ಪಾತ್ರೆ ಸಿಂಕಿನಲ್ಲಿ ಇದ್ದರೆ ಇರಲಿ ಅಂತ ಬಾಗಿಲು ಎಳೆದುಕೊಂಡು ಹೊರಟೆ. ನನಗೆ ಅತ್ಯಂತ ಕಷ್ಟ ಅನಿಸಿದ್ದು ಅದೇ, ನಡೆಯುವುದಲ್ಲ. ಕೆರೆಗೆ ಈಗ ಭಾನುವಾರ ಮಾತ್ರ ಹೋಗುತ್ತೇವೆ, ನಿಮ್ಮಪ್ಪನೂ ನಾನೂ.

ಮದುವೆ ಕಾಲದಲ್ಲಿ ಎಲ್ಲ ಹಳಿ ತಪ್ಪಿತು. ಒಂದೇ ವಾರದಲ್ಲಿ ಮೂರು ಮದುವೆ. ಎಲೆ ಮುಂದೆ ಕೂತ ಮೇಲೆ "ಇನ್ನೊಂದು ಒಬ್ಬಟ್ಟು, ನಮ್ಮ ಮೇಲೆ ಪ್ರೀತಿ ಇದ್ದರೆ ಬೇಡ ಅನ್ನಬೇಡಿ" ಅನ್ನುವವರಿಗೆ ಏನು ಹೇಳುವುದು? ತಿಂದೆ. ಒಂದೂವರೆ ಕಿಲೋ ಏರಿತು. ಹಿಂದೆ ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಈ ಸಲ ಮರುದಿನ ಮಧ್ಯಾಹ್ನ ಮತ್ತೆ ನನ್ನ ತಟ್ಟೆ ಇಟ್ಟುಕೊಂಡು ಕೂತೆ, ಅಷ್ಟೇ.

ಎಂಟು ತಿಂಗಳಲ್ಲಿ ಇಳಿದಿದ್ದು ಐದು ಕಿಲೋ. ಈಗ 71. ಬೀದಿಯಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಆದರೆ ಎಚ್‌ಬಿಎ1ಸಿ 5.8ಕ್ಕೆ ಬಂದಿದೆ. ಆಷಾಢದ ನೂಕುನುಗ್ಗಲು ಶುರುವಾಗುವ ಮುಂಚೆ ಒಂದು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರ ಮೆಟ್ಟಿಲು. ಹೋದ ವರ್ಷ ನಂದಿ ಬರುವಷ್ಟರಲ್ಲಿ ಐದಾರು ಸಲ ಕೂತಿದ್ದೆ. ಈ ಸಲ ನಂದಿಯ ಹತ್ತಿರವೇ ಕೂತಿದ್ದು. ತಣ್ಣಗೆ ಗಾಳಿ ಬೀಸುತ್ತಿತ್ತು, ಊರೆಲ್ಲ ಕೆಳಗೆ ಕಾಣುತ್ತಿತ್ತು. ನಿನ್ನ ನೆನಪಾಯಿತು.

ತಕ್ಕಡಿಯ ಮುಳ್ಳನ್ನೇ ನೋಡುತ್ತಾ ಕೂರಬೇಡ ಅಂತ ನಾನು ಹೇಳುವುದಕ್ಕೆ ಒಂದು ಕಾರಣ ಇದೆ. ನನ್ನ ಹಾಗೆ ಹೊಸ್ತಿಲಲ್ಲಿ ಇದ್ದವರನ್ನು ಇಟ್ಟುಕೊಂಡು ಚೆನ್ನೈನ ಡಾಕ್ಟರುಗಳು ಒಂದು ಅಧ್ಯಯನ ಮಾಡಿದ್ದರು. 2006ರಲ್ಲಿ ಅದು ಪ್ರಕಟವಾಯಿತು. ಐನೂರಕ್ಕೂ ಹೆಚ್ಚು ಜನ, ಮೂರು ವರ್ಷ. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ದಿನಾ ನಡೆದವರಲ್ಲಿ 39 ಜನಕ್ಕೆ ಮಾತ್ರ. ವಿಶೇಷ ಏನು ಗೊತ್ತಾ? ಆ ಜನರ ತೂಕ ಹೆಚ್ಚೇನೂ ಇಳಿದಿರಲೇ ಇಲ್ಲ. ಆದರೂ ಮೈಗೆ ಒಳ್ಳೆಯದಾಗಿತ್ತು. ಇದನ್ನು ತಿಳಿದ ದಿನ ನನಗೆ ಎಷ್ಟು ಧೈರ್ಯ ಬಂತು ಅಂತ ಹೇಳಲಾರೆ.

ಇನ್ನು ಹೇಳಲು ಕಷ್ಟವಾದ ಮಾತು.

ನಿನಗೆ ಹದಿನಾಲ್ಕು ವರ್ಷ. ಒಂದು ಮದುವೆ ಮನೆಯಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಎಲ್ಲರೆದುರು "ಇವಳು ಯಾಕೆ ಇಷ್ಟು ದಪ್ಪ ಆಗಿದ್ದಾಳೆ?" ಅಂದರು. ನೀನು ನನ್ನ ಮುಖ ನೋಡಿದೆ. ನಾನು ನಿನ್ನ ಪರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ಹೂಂ, ಹೇಳಿದರೆ ಕೇಳೋದೇ ಇಲ್ಲ" ಅಂದುಬಿಟ್ಟೆ. ಮರುದಿನದಿಂದ ನಿನ್ನ ತಟ್ಟೆಗೆ ಎರಡೇ ದೋಸೆ ಹಾಕಿದೆ, ನಿನ್ನ ತಮ್ಮನಿಗೆ ನಾಲ್ಕು, ಮೇಲೆ ತುಪ್ಪ. ನೀನು ಮೂರನೆಯದನ್ನು ಒಂದು ಸಲವೂ ಕೇಳಲಿಲ್ಲ. ನಿನಗೆ ಬೇಡ ಅಂತಲೇ ನಾನು ಅಂದುಕೊಂಡೆ. ಆಮೇಲೆ ನಿನ್ನ ಬ್ಯಾಗಿನಲ್ಲಿ ಬಿಸ್ಕತ್ತಿನ ಕಾಗದ ಸಿಕ್ಕಿದಾಗ ಅದಕ್ಕೂ ಬೈದೆ. ಬೆಳೆಯುವ ಮಗು ಹಸಿದುಕೊಂಡು ಕದ್ದು ತಿನ್ನುತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ. ನನ್ನನ್ನು ಕ್ಷಮಿಸು ಮಗಳೇ. ಈ ಮಾತು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು.

ನೀನು ಈಗ ರಾತ್ರಿ ಊಟ ಬಿಡುತ್ತಿರುವುದರಲ್ಲಿ ಆ ಎರಡು ದೋಸೆಯ ಪಾಲೂ ಇದೆ ಅಂತ ನನಗೆ ಅನಿಸುತ್ತದೆ.

ನಾಲ್ಕು ವರ್ಷದ ಹಿಂದೆ ಪರಿಚಯದವರು ಮಾರುತ್ತಿದ್ದ ಪುಡಿಯನ್ನು ಊಟದ ಬದಲು ಕುಡಿದಿದ್ದೆನಲ್ಲ, ನೆನಪಿದೆಯಾ? ಒಂದು ತಿಂಗಳಲ್ಲಿ ನಾಲ್ಕು ಕಿಲೋ ಹೋಯಿತು. ತಲೆ ಸುತ್ತು, ಕೂದಲು ಉದುರುವುದು, ಎಲ್ಲರ ಮೇಲೂ ಸಿಡಿಮಿಡಿ. ಬಿಟ್ಟ ಮೂರು ತಿಂಗಳಿಗೆ ಐದು ಕಿಲೋ ವಾಪಸ್ ಬಂತು. ಹಸಿದ ಮೈ ಕೊಬ್ಬನ್ನು ಮಾತ್ರ ಕರಗಿಸುವುದಿಲ್ಲ, ಮಾಂಸಖಂಡವನ್ನೂ ಕರಗಿಸುತ್ತದೆ. ವಾಪಸ್ ಬರುವಾಗ ಹೆಚ್ಚಾಗಿ ಕೊಬ್ಬಾಗಿ ಬರುತ್ತದೆ. ನೀನು ಆ ದಾರಿಗೆ ಹೋಗಬೇಡ.

ಪಿಜಿ ಊಟದಲ್ಲಿ ಬರೀ ಅನ್ನ, ನೀರು ಸಾಂಬಾರು ಇರುತ್ತದೆ ಅಂತ ಗೊತ್ತು. ಹೆಸರುಕಾಳು ನೆನೆಸಿ ಒಂದು ಡಬ್ಬಿಯಲ್ಲಿ ಮೊಳಕೆ ಬರಿಸಿಕೊ, ಅದಕ್ಕೆ ಒಲೆಯೂ ಬೇಡ. ಹೊರಗೆ ಇಡ್ಲಿ ಸಿಕ್ಕರೆ ತಿನ್ನು. ಕಡಲೆಬೀಜ, ಮೊಸರು, ಬಾಳೆಹಣ್ಣು ಇಟ್ಟುಕೊ. ರಾತ್ರಿ ಏನಾದರೂ ಒಂದಿಷ್ಟು ಊಟ ಮಾಡಿಯೇ ಮಲಗು. ಎರಡು ತಿಂಗಳಿಂದ ಮುಟ್ಟು ಸರಿಯಾಗಿ ಆಗುತ್ತಿಲ್ಲ ಅಂತ ನೀನು ಅಂದಿದ್ದೆ, ಅದನ್ನು ಸುಮ್ನೆ ಬಿಡಬಾರದು. ಊಟ ಬಿಟ್ಟರೂ ಹಾಗಾಗುತ್ತದೆ, ಥೈರಾಯ್ಡ್ ತೊಂದರೆ, ಪಿಸಿಒಡಿ ಅನ್ನುವ ಅಂಡಾಶಯದ ತೊಂದರೆ ಇದ್ದರೂ ಆಗುತ್ತದೆ. ಇಲ್ಲಿಗೆ ಬಂದಾಗ ಲೇಡಿ ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ಬೇಕು ಅಂದರೆ ನಾನು ಹೊರಗೇ ಕೂತಿರುತ್ತೇನೆ, ನೀನು ಒಬ್ಬಳೇ ಮಾತಾಡು.

ನೀನು ಸಣ್ಣ ಆಗಬೇಕು ಅಂತ ನನಗೇನೂ ಇಲ್ಲ. ತೂಕ ಇಳಿಸಲೇಬೇಕು ಅಂತ ಡಾಕ್ಟರು ಹೇಳಿದರೆ ನಾವಿಬ್ಬರೂ ಸೇರಿ ಮಾಡೋಣ, ಉಂಡುಕೊಂಡೇ ಮಾಡೋಣ.

ಶುಕ್ರವಾರ ಸಂಜೆ ಚಾಮುಂಡಿ ಎಕ್ಸ್‌ಪ್ರೆಸ್‌ಗೆ ಹತ್ತು. ಅಪ್ಪ ಸ್ಟೇಷನ್ನಿಗೆ ಬರುತ್ತಾರೆ. ಎಷ್ಟು ಹೊತ್ತಾದರೂ ನಾವು ಊಟಕ್ಕೆ ಕಾಯುತ್ತೇವೆ. ಹುರುಳಿಕಾಳು ಅವತ್ತು ಬೆಳಿಗ್ಗೆಯೇ ನೆನೆಹಾಕಿರುತ್ತೇನೆ. ಅಜ್ಜಿ ಬೇಗ ಮಲಗುವವರು, ಆದರೂ ನೀನು ಬರುವ ತನಕ ಎದ್ದಿರುತ್ತಾರಂತೆ. ಅವತ್ತು ಅಕ್ಕಿಯನ್ನು ಐದು ಜನಕ್ಕೇ ಅಳೆಯುತ್ತೇನೆ.

ನಿನ್ನ,
ಅಮ್ಮ