ಮರದಲ್ಲಿರುವುದು ಬಿಲವಲ್ಲ, ಪೊಟರೆ

ಮಾನ್ಯ ಸಂಪಾದಕರೇ,

‘ಮರದ ಬಿಲದಲ್ಲಿ ಗಿಳಿಮರಿ’ ಎಂಬಂಥ ಬರಹ ಪತ್ರಿಕೆಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಬಿಲ ಮಣ್ಣಿನಲ್ಲಿ ತೋಡಿದ್ದು. ಮರದ ಟೊಳ್ಳಿಗೆ ಕನ್ನಡದಲ್ಲಿ ಪೊಟರೆ ಎಂಬ ಸೊಗಸಾದ ಮಾತೇ ಇದೆ.

ಒಳಗೆ ಯಾರಿದ್ದಾರೆ ಎಂಬುದರಿಂದ ಹೆಸರು ಬದಲಾಗದು. ಮಿಂಚುಳ್ಳಿ, ಕಳ್ಳಿಪೀರಗಳು ಹಕ್ಕಿಗಳಾದರೂ ಮಣ್ಣಿನ ದಂಡೆಯಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತವೆ, ಅದು ಬಿಲವೇ. ಹಾವು ಮರದ ಟೊಳ್ಳಿನಲ್ಲಿ ಸುರುಳಿ ಸುತ್ತಿ ಮಲಗಿದರೂ ಅದು ಪೊಟರೆಯೇ.

ಬಿಲವನ್ನು ಯಾವುದೋ ಪ್ರಾಣಿ ತೋಡಿರುತ್ತದೆ. ಬಾಯಿಯ ಬಳಿ ಬಿದ್ದ ಹಸಿಮಣ್ಣಿನ ಗುಡ್ಡೆಯೇ ಗುರುತು. ಪೊಟರೆ ಹೆಚ್ಚಾಗಿ ತಾನಾಗಿ ಆಗುವಂಥದ್ದು. ಕೊಂಬೆ ಮುರಿದ ಗಾಯದಿಂದ ಶಿಲೀಂಧ್ರ ಒಳಹೊಕ್ಕು, ವರ್ಷಗಟ್ಟಲೆ ತಿರುಳು ಕೊಳೆತು ಟೊಳ್ಳಾಗುತ್ತದೆ. ಮರಕುಟಿಗ, ಕುಟ್ರುಹಕ್ಕಿ ಕುಕ್ಕಿ ಮಾಡಿದ್ದೂ ಉಂಟು. ಅವು ಬಿಟ್ಟುಹೋದಲ್ಲಿ ಗಿಳಿ, ಮೈನಾ, ಗೂಬೆ ಸೇರಿಕೊಳ್ಳುತ್ತವೆ. ಮಂಗಟ್ಟೆಗಂತೂ ಹಳೆಯ ದೊಡ್ಡ ಮರದ ಪೊಟರೆಯೇ ಆಗಬೇಕು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮೆತ್ತಿಕೊಂಡು, ಗಂಡು ಆಹಾರ ಕೊಡುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಪದ ಕಲಸಿಹೋದಂತೆ ಕೆಲಸವೂ ಕೆಡುತ್ತದೆ. ಇಲಿಬಿಲ ಕಂಡರೆ ಮುಚ್ಚುವುದು ಸರಿ. ಸಂಜೆ ಎಲ್ಲ ಬಾಯಿಗಳಿಗೂ ಮಣ್ಣು ಮೆತ್ತಿ, ಬೆಳಿಗ್ಗೆ ಮತ್ತೆ ತೆರೆದುಕೊಂಡವನ್ನು ಗುರುತು ಮಾಡಬೇಕು; ಇಲಿ ಓಡಾಡುತ್ತಿರುವುದು ಅಲ್ಲೇ. ಒಂದು ಬಿಲಕ್ಕೆ ಹಲವು ಬಾಯಿಗಳಿರುವುದರಿಂದ ಒಂದನ್ನಷ್ಟೇ ಮುಚ್ಚಿ ಫಲವಿಲ್ಲ.

ಇದೇ ಬುದ್ಧಿಯಿಂದ ಪೊಟರೆಗೂ ಸಿಮೆಂಟು ತುಂಬುತ್ತಾರೆ. ದಯವಿಟ್ಟು ಹಾಗೆ ಮಾಡಬಾರದು. ಗಾಳಿಗೆ ಮರ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ. ಅಂಚಿನಲ್ಲಿ ಸಂದು ಬಿಟ್ಟು ನೀರಿಳಿದು, ಆರದೆ ನಿಂತು, ಕೊಳೆ ಇನ್ನಷ್ಟು ಬೆಳೆಯುತ್ತದೆ. ನೀರು ಬಸಿಯಲೆಂದು ಕೆಳಗಿನಿಂದ ತೂತು ಕೊರೆಯುವುದೂ ತಪ್ಪು. ಕೊಳೆ ಹರಡದಂತೆ ಮರ ತಾನೇ ಒಳಗೆ ಕಟ್ಟಿಕೊಂಡ ತಡೆ ಅದರಿಂದ ಒಡೆಯುತ್ತದೆ. ಇನ್ನು, ಪೊಟರೆ ಬಿದ್ದ ಮರ ಸತ್ತ ಮರವಲ್ಲ. ನೀರು, ಆಹಾರ ಸಾಗುವುದು ತೊಗಟೆ ಮತ್ತು ಅದರ ಒಳಬದಿಯ ಎಳೆಮರದಲ್ಲಿ. ಟೊಳ್ಳಾಗುವುದು ನಡುವಿನ ತಿರುಳು. ಟೊಳ್ಳಿನ ಸುತ್ತ ಗಟ್ಟಿಮರ ಎಷ್ಟು ದಪ್ಪ ಉಳಿದಿದೆ ಎಂದು ನೋಡದೆ ಕೊಡಲಿ ಎತ್ತಬಾರದು.

ಇನ್ನು ಹುತ್ತ, ಅದು ಬಿಲವೂ ಅಲ್ಲ, ಪೊಟರೆಯೂ ಅಲ್ಲ, ಗೆದ್ದಲು ಮಣ್ಣಿನಿಂದ ಮೇಲಕ್ಕೆ ಕಟ್ಟಿದ್ದು.

ಮರ ಉರುಳಿಸಿದ ಸುದ್ದಿ ಬರೆಯುವಾಗ ಅದರಲ್ಲಿ ಪೊಟರೆ ಇತ್ತೇ, ಒಳಗೆ ಮೊಟ್ಟೆಮರಿ ಇದ್ದವೇ ಎಂದು ವರದಿಗಾರರು ವಿಚಾರಿಸಲಿ.

– ಒಬ್ಬ ಓದುಗ