ನಿನ್ನ ಅರ್ಜಿಯಲ್ಲಿರುವ ಇಂಗ್ಲಿಷ್ ಶಬ್ದಗಳ ಬಗ್ಗೆ

ವಿದ್ಯಾನಗರ, ದಾವಣಗೆರೆ

ಚಿ. ಸಹನಾಳಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಬೆಂಗಳೂರಿನ ಲೆಕ್ಕಪತ್ರದ ಕೆಲಸಕ್ಕೆಂದು ಬರೆದು ನೀನು ಮೊಬೈಲ್‌ಗೆ ಕಳಿಸಿದ್ದ ಅರ್ಜಿಯನ್ನೂ ಅದರ ಜೊತೆಗಿನ ಬಯೋಡೇಟಾವನ್ನೂ ಪ್ರಿಂಟ್ ತೆಗೆಸಿಕೊಂಡು ಪೆನ್ಸಿಲ್ ಹಿಡಿದು ಓದಿದೆ. ಇಂಗ್ಲಿಷ್ ತಪ್ಪಿದ್ದರೆ ತಿದ್ದಿಕೊಡಿ ಎಂದು ಕೇಳಿದ್ದೀಯ. ವ್ಯಾಕರಣದ ತಪ್ಪುಗಳು ಕಡಿಮೆ. ಇದ್ದವನ್ನು ಅಂಚಿನಲ್ಲಿ ಗುರುತು ಮಾಡಿದ್ದೇನೆ. ನನಗೆ ಚಿಂತೆಯಾದದ್ದು ಬೇರೆ ಕಾರಣಕ್ಕೆ. ಆ ಎರಡು ಪುಟಗಳಲ್ಲಿ ಎಲ್ಲಿ ಹುಡುಕಿದರೂ ನೀನು ಸಿಗಲಿಲ್ಲ. ಡೈನಮಿಕ್, ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಸೆಲ್ಫ್ ಮೋಟಿವೇಟೆಡ್, ಪಂಕ್ಚುಯಲ್ ಎಂದು ಗುಣಗಳನ್ನು ಸಾಲಾಗಿ ಬರೆದಿದ್ದೀಯ. ನಿನ್ನ ಹೆಸರನ್ನು ಅಳಿಸಿ ಅಲ್ಲಿ ಯಾರ ಹೆಸರು ಬರೆದರೂ ಆ ಸಾಲು ಹೊಂದಿಕೊಳ್ಳುತ್ತದೆ.

ಹರಿಹರದ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನನ್ನ ನೌಕರಿಯ ಬಹುಪಾಲು ಕಳೆದದ್ದು ಇಂಥ ಅರ್ಜಿಗಳನ್ನು ಓದುವುದರಲ್ಲಿಯೇ. ಒಂದು ಗುಮಾಸ್ತೆಯ ಹುದ್ದೆ ಖಾಲಿಯಾದರೆ ಕಟ್ಟುಗಟ್ಟಲೆ ಅರ್ಜಿಗಳು ಬರುತ್ತಿದ್ದವು. ಅವುಗಳಲ್ಲಿ ಎಲ್ಲರೂ ಪ್ರಾಮಾಣಿಕರು, ಎಲ್ಲರೂ ಶ್ರಮಜೀವಿಗಳು. ಓದುವವನ ಕಣ್ಣು ಆ ಸಾಲಿನ ಮೇಲೆ ನಿಲ್ಲುವುದೇ ಇಲ್ಲ. ಆದ್ದರಿಂದ ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೋ: ನಿನ್ನ ಬದುಕಿನಲ್ಲಿ ನಡೆದ ಸಂಗತಿಯೊಂದನ್ನು ಸಾಕ್ಷಿಯಾಗಿ ಕೊಡಲಾಗದ ಶಬ್ದವನ್ನು ಅರ್ಜಿಯಲ್ಲಿ ಬರೆಯಬೇಡ, ಸಂದರ್ಶನದಲ್ಲಿ ಆಡಲೂ ಬೇಡ.

ಸಾಕ್ಷಿಗೆ ನಿನಗೇನು ಕೊರತೆ? ಡಿಗ್ರಿ ಓದುತ್ತಲೇ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆದವಳು ನೀನು. ಬೆಳಿಗ್ಗೆ ಹಾಲು ಹಾಕುವವರು ಬರುವ ಮೊದಲೇ ಅಲ್ಲಿರಬೇಕು; ಪ್ರತಿಯೊಬ್ಬರ ಹಾಲಿನ ಅಳತೆ, ಫ್ಯಾಟ್ ಎಲ್ಲವನ್ನೂ ಪುಸ್ತಕಕ್ಕೆ ಏರಿಸಬೇಕು; ಬಟವಾಡೆಯ ದಿನ ಒಂದು ರೂಪಾಯಿ ವ್ಯತ್ಯಾಸ ಬಂದರೂ ಇಡೀ ಊರಿಗೆ ಉತ್ತರ ಹೇಳಬೇಕು. ಆಮೇಲೆ ಜಗಳೂರಿಗೆ ಬಂದು ದಾವಣಗೆರೆಯ ಬಸ್ಸು ಹಿಡಿಯಬೇಕು. ಇಷ್ಟನ್ನೆಲ್ಲ ಮಾಡಿದ ಹುಡುಗಿಯ ಬಯೋಡೇಟಾದಲ್ಲಿ ಡೇರಿಯ ಮಾತೇ ಇಲ್ಲ! ಹಳ್ಳಿಯ ಕೆಲಸವನ್ನು ಬರೆದರೆ ಬೆಂಗಳೂರಿನವರು ಹಗುರವಾಗಿ ಕಂಡಾರೆಂದು ಬಿಟ್ಟಿರಬೇಕು. ಲೆಕ್ಕಪತ್ರದ ಹುದ್ದೆಗೆ ಆಳು ಹುಡುಕುವವನಿಗೆ ನಿನ್ನ ಕಾಗದದಲ್ಲಿ ಅದಕ್ಕಿಂತ ಬೆಲೆಬಾಳುವ ಸಾಲು ಇನ್ನೊಂದು ಸಿಗುವುದಿಲ್ಲ. ಆ ಕೆಲಸವನ್ನು ಎರಡು ವಾಕ್ಯಗಳಲ್ಲಿ ಸರಳವಾಗಿ ಬರೆ. ಎಷ್ಟು ಸದಸ್ಯರ ಲೆಕ್ಕ, ಎಷ್ಟು ಕಾಲ, ನಿನ್ನ ಹೊಣೆ ಏನಿತ್ತು, ಇಷ್ಟು ಸಾಕು. ಅದರ ಪಕ್ಕದಲ್ಲಿ ಪಂಕ್ಚುಯಲ್ ಎಂಬ ಶಬ್ದ ನಿಂತರೆ ಅದಕ್ಕೊಂದು ತೂಕ ಬರುತ್ತದೆ. ಡೈನಮಿಕ್ ಎಂಬುದನ್ನು ಹೊಡೆದುಹಾಕಿ ಅಕ್ಯುರೇಟ್ ಎಂದು ಬರೆ. ಲೆಕ್ಕ ತಪ್ಪದವಳು ಎಂಬ ಹೆಸರು ನಿನಗೆ ಊರಿನಲ್ಲಿ ಆಗಲೇ ಇದೆ.

ಸಿನ್ಸಿಯರ್ ಎಂಬ ಶಬ್ದದ ಬಗ್ಗೆ ಎಚ್ಚರವಾಗಿರು. ನಮ್ಮ ಕಡೆಯ ಶಾಲೆಗಳಲ್ಲಿ ಚೆನ್ನಾಗಿ ಓದುವ, ಹೇಳಿದ್ದನ್ನು ತಪ್ಪದೆ ಮಾಡುವ ಮಕ್ಕಳನ್ನೆಲ್ಲ ಸಿನ್ಸಿಯರ್ ಎಂದು ಹೊಗಳುವ ರೂಢಿ ಇದೆ. ಇಂಗ್ಲಿಷಿನಲ್ಲಿ ಅದಕ್ಕಿರುವ ಮುಖ್ಯ ಅರ್ಥ ಒಳಗೊಂದು ಹೊರಗೊಂದು ಇಲ್ಲದವರು, ನಟಿಸದವರು ಎಂದು. ನೀನು ಹೇಳಬಯಸಿದ್ದು ಶ್ರದ್ಧೆಯಿಂದ ದುಡಿಯುವ ಗುಣವನ್ನಾದರೆ ಡಿಲಿಜೆಂಟ್ ಎನ್ನಬೇಕು. ಯಾರೂ ನೋಡದಿದ್ದರೂ ಮಾಡಿದ ಕೆಲಸವನ್ನು ಮತ್ತೊಮ್ಮೆ ಪರೀಕ್ಷಿಸುವ ಮನಸ್ಸಿಗೆ ಕಾನ್ಷಿಯೆನ್ಷಸ್ ಎಂಬ ಶಬ್ದವಿದೆ. ನಾಲಿಗೆಗೆ ಅದು ತೊಡಕೆನಿಸಿದರೆ ಕೇರ್‌ಫುಲ್ ಎಂದರೂ ಸಾಕು. ಸಂದರ್ಶನದಲ್ಲಿ ತಡವರಿಸದೆ ಹೇಳಬಲ್ಲ ಸಣ್ಣ ಶಬ್ದವೇ ನಿನಗೆ ಒಳ್ಳೆಯದು.

ಗುಣವನ್ನು ಹೇಳುವ ಶಬ್ದಗಳನ್ನು ಜೋಡೆತ್ತುಗಳಂತೆ ಒಟ್ಟಿಗೇ ಹೂಡಿ ಕಲಿ: ಪಂಕ್ಚುಯಲ್-ಪಂಕ್ಚುಯಾಲಿಟಿ, ಪೇಷಂಟ್-ಪೇಷನ್ಸ್, ರೆಸ್ಪಾನ್ಸಿಬಲ್-ರೆಸ್ಪಾನ್ಸಿಬಿಲಿಟಿ, ಕಾನ್ಫಿಡೆಂಟ್-ಕಾನ್ಫಿಡೆನ್ಸ್. ನಿನ್ನ ಅರ್ಜಿಯಲ್ಲಿ ಪದೇ ಪದೇ ಬಂದಿರುವ ತಪ್ಪು ಇದೊಂದೇ. ‘ನನ್ನ ಶಕ್ತಿ’ ಎಂದು ವಾಕ್ಯವನ್ನು ಆರಂಭಿಸಿ ಪಂಕ್ಚುಯಲ್ ಎಂದು ಮುಗಿಸಿದ್ದೀಯ. ಅಲ್ಲಿ ಪಂಕ್ಚುಯಾಲಿಟಿ ಬರಬೇಕು. ವಾಕ್ಯ ‘ನಾನು’ ಎಂದು ಆರಂಭವಾದರೆ ಪಂಕ್ಚುಯಲ್ ಸರಿ. ಕನ್ನಡದಲ್ಲಿ ‘ನನ್ನ ಗುಣ ತಾಳ್ಮೆಯುಳ್ಳ’ ಎಂದು ನಾವು ಹೇಳುತ್ತೇವೆಯೇ? ಹಾಗೆಯೇ ಹಾರ್ಡ್ ಮತ್ತು ಹಾರ್ಡ್‌ಲಿ ಒಂದೇ ಅಲ್ಲ. ಎರಡನೆಯದನ್ನು ಬಳಸಿದರೆ ಕಷ್ಟಪಟ್ಟು ದುಡಿಯುತ್ತೇನೆ ಎನ್ನಲು ಹೊರಟು ದುಡಿಯುವುದೇ ಅಪರೂಪ ಎಂದಂತಾಗುತ್ತದೆ.

ಇನ್ನು ಓದಿನ ಶಬ್ದಗಳು. ಇಲ್ಲಿ ಬೇಕಾದದ್ದು ನಿಖರತೆ, ಅದು ಬೇಗ ಕಲಿಯುವಂಥದ್ದು. ಬಿ.ಕಾಂ. ಮುಂದೆ ಪರ್ಸ್ಯೂಯಿಂಗ್ ಎಂದು ಬರೆದಿದ್ದೀಯ. ಅದರರ್ಥ ಇನ್ನೂ ಓದುತ್ತಿದ್ದೀಯ ಎಂದು. ಫಲಿತಾಂಶ ಬಂದಿರುವುದರಿಂದ ಕಂಪ್ಲೀಟೆಡ್ ಎಂದು ಬರೆ. ಘಟಿಕೋತ್ಸವ ಆಗುವವರೆಗೆ ಕೈಯಲ್ಲಿರುವುದು ಪ್ರಾವಿಷನಲ್ ಸರ್ಟಿಫಿಕೇಟ್, ಅದನ್ನು ಹಾಗೆಯೇ ಹೆಸರಿಸು. ಪಾಸ್ಡ್ ಔಟ್ ಎಂಬುದು ನಮ್ಮ ದೇಶದಲ್ಲಿ ಚಲಾವಣೆಯಲ್ಲಿದೆ, ಆದರೆ ಹೊರದೇಶದ ಗ್ರಾಹಕರಿರುವ ಕಂಪನಿಯಲ್ಲಿ ಅದು ಮೂರ್ಛೆ ಹೋದಳು ಎಂದು ಕೇಳಿಸೀತು. ಗ್ರಾಜುಯೇಟೆಡ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಫ್ರೆಶರ್ ಎಂಬುದೂ ಅಂಥದೇ. ನಮ್ಮಲ್ಲಿ ಅನುಭವವಿಲ್ಲದ ಹೊಸ ಅಭ್ಯರ್ಥಿಗೆ ಆ ಹೆಸರು, ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಕ್ಕೆ ಆಗತಾನೆ ಸೇರಿದ ಮೊದಲ ವರ್ಷದ ವಿದ್ಯಾರ್ಥಿಗೆ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಎಂಬ ಹೆಸರುಗಳ ಪಕ್ಕದಲ್ಲಿ 10ನೇ ತರಗತಿ, 12ನೇ ತರಗತಿ ಎಂದು ಸೇರಿಸು. ಪಿ.ಯು.ಸಿ. ಎಂದರೇನೆಂದು ಉತ್ತರ ಭಾರತದ ಅಧಿಕಾರಿಗಳು ಕೇಳಿದ್ದನ್ನು ನಾನು ನೋಡಿದ್ದೇನೆ.

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಲು ಕಲಿಸುವ, ನೀನು ಮಾಡಿದ ಮೂರು ತಿಂಗಳ ಟ್ಯಾಲಿ ತರಬೇತಿಯನ್ನು ಡಿಪ್ಲೊಮಾ ಎಂದು ಕರೆದಿದ್ದೀಯ. ಅವರು ಕೊಟ್ಟ ಕಾಗದದ ಮೇಲೆ ಸರ್ಟಿಫಿಕೇಟ್ ಎಂದಿದೆ, ಆದ್ದರಿಂದ ಸರ್ಟಿಫಿಕೇಟ್ ಎಂದೇ ಬರೆ. ಈ ಭೇದ ಸಣ್ಣದಲ್ಲ. ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯನ್ನೇ ನೋಡು: ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500. ಕಾಗದದಲ್ಲಿ ಇಲ್ಲದ್ದನ್ನು ಬರೆದವರು ದಾಖಲೆ ಪರಿಶೀಲನೆಯ ದಿನ ಸಿಕ್ಕಿಬಿದ್ದು, ಕೈಗೆ ಬಂದ ಕೆಲಸವನ್ನು ಕಳೆದುಕೊಂಡದ್ದುಂಟು.

ಉದ್ಯೋಗದ ಶಬ್ದಗಳಿಗೆ ಬರುತ್ತೇನೆ. ಈ ವಿಷಯದಲ್ಲಿ ನನಗೆ ಗುರು ನಿನ್ನ ಅಜ್ಜ. ಊರಿನ ಜಮೀನನ್ನು ನಿಮ್ಮಪ್ಪನಿಗೆ ಒಪ್ಪಿಸುವ ಮುಂಚೆ ಅವರು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವದು. ಇಂಗ್ಲಿಷಿನಲ್ಲಿ ಒಂದಕ್ಷರ ಓದಲು ಬಾರದ ಅಪ್ಪನಿಗೆ ಪರ್ಮನೆಂಟ್, ಓವರ್‌ಟೈಮ್, ಬೋನಸ್, ಪಿ.ಎಫ್., ಲೇ-ಆಫ್, ಲಾಕೌಟ್ ಎಂಬ ಶಬ್ದಗಳು ವಕೀಲರಷ್ಟೇ ಚೆನ್ನಾಗಿ ಗೊತ್ತಿದ್ದವು. ಬದಲಿ ಕೆಲಸಗಾರನಾಗಿ ಸೇರಿದವನಿಗೆ ಪರ್ಮನೆಂಟ್ ಎಂಬ ಶಬ್ದದ ಬೆಲೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ; ಗಿರಣಿಯ ಬಾಗಿಲಲ್ಲಿ ಕಾದು, ಬರದವರ ಜಾಗ ಸಿಕ್ಕಿದ ದಿನವಷ್ಟೇ ಕೂಲಿ. ಲೇ-ಆಫ್ ಎಂದರೆ ಕೆಲಸ ಹೋಯಿತು ಎಂದಲ್ಲ, ಹತ್ತಿಯೋ ವಿದ್ಯುತ್ತೋ ಇಲ್ಲದೆ ಕೆಲಸ ಕೊಡಲಾಗದ ಸ್ಥಿತಿ ಎಂದು ಅವರು ಬಿಡಿಸಿ ಹೇಳುತ್ತಿದ್ದರು. ನಮ್ಮ ಕಾರ್ಮಿಕ ಕಾನೂನು ಹೇಳುವುದೂ ಅದನ್ನೇ. ಆ ಅವಧಿಗೆ ಅರ್ಹ ಕಾರ್ಮಿಕರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರವಿದೆ. ಕಾಯಂ ಆಗಿ ತೆಗೆದುಹಾಕುವುದಕ್ಕೆ ಕಾನೂನಿನ ಶಬ್ದ ರಿಟ್ರೆಂಚ್‌ಮೆಂಟ್. ಇಂದು ಸಾಫ್ಟ್‌ವೇರ್ ಕಂಪನಿಗಳಲ್ಲಿ ಲೇ-ಆಫ್ ಆಯಿತು ಎಂದು ಪತ್ರಿಕೆಗಳು ಬರೆಯುವುದು ಅಮೆರಿಕದ ಅರ್ಥದಲ್ಲಿ, ಅಂದರೆ ಕೆಲಸದಿಂದ ತೆಗೆದರೆಂದು. ಎರಡೂ ಅರ್ಥಗಳು ನಿನಗೆ ಗೊತ್ತಿರಬೇಕು.

ಅಜ್ಜನಿಗೆ ಆ ಶಬ್ದಗಳು ಎಷ್ಟು ಸ್ಪಷ್ಟವಾಗಿದ್ದವೋ ನಿನಗೆ ಸಿ.ಟಿ.ಸಿ. ಎಂಬುದು ಅಷ್ಟೇ ಸ್ಪಷ್ಟವಾಗಿರಬೇಕು. ವರ್ಷಕ್ಕೆ 3 ಲಕ್ಷ ಎಂದು ಕೇಳಿದೊಡನೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ಮನೆಯಲ್ಲಿ ಹೇಳಿಬಿಡಬೇಡ. ಸಿ.ಟಿ.ಸಿ. ಎಂದರೆ ಕಾಸ್ಟ್ ಟು ಕಂಪನಿ, ನಿನಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ. ಮೂಲವೇತನ 12,000 ಇದೆ ಎಂದುಕೊಳ್ಳೋಣ. ಭವಿಷ್ಯನಿಧಿಗೆ, ಅಂದರೆ ಅಜ್ಜನ ಆ ಪಿ.ಎಫ್.ಗೆ, ಅದರ ಶೇ. 12ರಂತೆ ನಿನ್ನ ಪಾಲು 1,440, ಕಂಪನಿಯ ಪಾಲು 1,440. ಸಾಮಾನ್ಯವಾಗಿ ಎರಡೂ ಆ 25,000ದ ಒಳಗೇ ಇರುತ್ತವೆ, ಹಾಗಾಗಿ ಕೈಗೆ ಉಳಿಯುವುದು 22,120. ಅದರಲ್ಲಿ ಒಂದು ಭಾಗವನ್ನು ವೇರಿಯಬಲ್, ಅಂದರೆ ಕೆಲಸದ ಫಲ ನೋಡಿ ಕೊಡುವ ಹಣ ಎಂದು ಇಟ್ಟಿದ್ದರೆ ಇನ್ನೂ ಕಡಿಮೆ. ಭವಿಷ್ಯನಿಧಿಯ ಹಣ ಎಲ್ಲಿಗೂ ಹೋಗುವುದಿಲ್ಲ, ನಿನ್ನದೇ. ಆದರೆ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟುವುದು ಕೈಗೆ ಬಂದ ಹಣದಿಂದ. ಆದ್ದರಿಂದ ಸಂಬಳದ ಮಾತು ಬಂದಾಗ ಟೇಕ್ ಹೋಮ್ ಎಷ್ಟು ಎಂದು ಸಂಕೋಚವಿಲ್ಲದೆ ಕೇಳು. ಅದು ಅತಿಯಾಸೆಯ ಪ್ರಶ್ನೆಯಲ್ಲ.

ಇನ್‌ಕ್ರಿಮೆಂಟ್ ಮತ್ತು ಇನ್ಸೆಂಟಿವ್ ಕೇಳಲು ಹತ್ತಿರ ಹತ್ತಿರ, ಅರ್ಥದಲ್ಲಿ ಬಹು ದೂರ. ಮೊದಲನೆಯದು ಸಂಬಳಕ್ಕೆ ಸೇರಿ ಉಳಿಯುತ್ತದೆ. ಎರಡನೆಯದು ಗುರಿ ಮುಟ್ಟಿದ ತಿಂಗಳು ಬರುತ್ತದೆ, ಮುಟ್ಟದ ತಿಂಗಳು ಇಲ್ಲ. ವಿಮೆ, ಸಾಲ ಮಾರುವ ಕೆಲಸಗಳಿಗೆ ಕರೆಯುವಾಗ ಎರಡನೆಯದನ್ನೇ ದೊಡ್ಡದಾಗಿ ಹೇಳುತ್ತಾರೆ. ಟ್ರೇನಿ, ಇಂಟರ್ನ್, ಅಪ್ರೆಂಟಿಸ್ ಎಂದು ಕರೆದರೆ ಯಾವ ಷರತ್ತಿನ ಮೇಲೆ ಎಂದು ಓದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರು ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಅವರಿಗೆ ಸಿಗುವುದು ಸ್ಟೈಪೆಂಡ್, ಸಂಬಳವಲ್ಲ. ಕಲಿಕೆಗೆ ಅದು ಒಳ್ಳೆಯ ದಾರಿಯೇ. ಹರಿಹರದಲ್ಲಿ ಹಾಗೆ ಬಂದ ಐ.ಟಿ.ಐ. ಹುಡುಗರು ಮುಂದೆ ಒಳ್ಳೆಯ ಕುಶಲಕರ್ಮಿಗಳಾದದ್ದನ್ನು ಕಂಡಿದ್ದೇನೆ. ಆದರೆ ಕಾಯಂ ಆಗುತ್ತದೆಂಬ ಭರವಸೆ ಆ ಶಬ್ದದಲ್ಲಿ ಇಲ್ಲ. ಕಾಯಂ ಮಾಡುವ ಮುಂಚಿನ ಪರೀಕ್ಷೆಯ ಅವಧಿ, ಅಂದರೆ ಪ್ರೊಬೇಷನ್ ಎಷ್ಟು ತಿಂಗಳು, ಕೆಲಸ ಬಿಡುವುದನ್ನು ಮುಂಚಿತವಾಗಿ ತಿಳಿಸಬೇಕಾದ ನೋಟಿಸ್ ಪೀರಿಯಡ್ ಎಷ್ಟು, ಇಷ್ಟು ಕಾಲ ಬಿಟ್ಟುಹೋಗುವುದಿಲ್ಲವೆಂಬ ಬಾಂಡ್ ಇದೆಯೇ, ಮುರಿದರೆ ಎಷ್ಟು ಕಟ್ಟಬೇಕು, ಮೂಲ ಅಂಕಪಟ್ಟಿಗಳನ್ನು ಅವರೇ ಇಟ್ಟುಕೊಳ್ಳುತ್ತಾರೆಯೇ, ಇವು ಸಹಿಗೆ ಮುಂಚೆ ಕೇಳಬೇಕಾದವು. ಕೆಲಸ ಕೊಡಿಸಲು ರಿಜಿಸ್ಟ್ರೇಷನ್ ಫೀ ಎಂದು ಹಣ ಕೇಳಿದವರ ಬಾಗಿಲಲ್ಲಿ ನಿಲ್ಲಲೇಬೇಡ.

ಫ್ಲೆಕ್ಸಿಬಲ್ ಎಂದು ನಿನ್ನನ್ನು ನೀನು ಬಣ್ಣಿಸಿಕೊಳ್ಳುವ ಮುನ್ನ ಯೋಚಿಸು. ಜಾಹೀರಾತಿನಲ್ಲಿ ಆ ಶಬ್ದ ಬಂದಾಗ ಅನೇಕ ಸಲ ಅದು ರಾತ್ರಿ ಪಾಳಿಯನ್ನೋ ಬೇರೆ ಊರಿನ ವರ್ಗಾವಣೆಯನ್ನೋ ಸೂಚಿಸುತ್ತದೆ. ನಿನಗೆ ಒಪ್ಪಿಗೆಯಿದ್ದರೆ ಹೇಳು. ನಿನ್ನ ದೌರ್ಬಲ್ಯವೇನು ಎಂದು ಕೇಳಿಯೇ ಕೇಳುತ್ತಾರೆ. ಪರ್ಫೆಕ್ಷನಿಸ್ಟ್ ಎಂಬ ಸಿದ್ಧ ಉತ್ತರ ಅವರ ಕಿವಿಗೆ ಹಳತಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಇಂಗ್ಲಿಷ್ ಮಾತು ನಿಧಾನ, ದಿನವೂ ಅಭ್ಯಾಸ ಮಾಡುತ್ತಿದ್ದೇನೆ, ಬರೆಯುವುದರಲ್ಲಿ ತೊಂದರೆಯಿಲ್ಲ ಎಂದು ಹೇಳು. ನಿಜವೂ ಅದೇ ತಾನೇ? ಕ್ಷಮಿಸಿ ಎಂಬ ಮಾತನ್ನು ಮಾತ್ರ ಅದಕ್ಕೆ ಸೇರಿಸಬೇಡ. ಕನ್ನಡದಲ್ಲಿ ಓದಿದ್ದಕ್ಕೆ ಯಾರ ಮುಂದೆಯೂ ಕ್ಷಮೆ ಕೇಳಬೇಕಾದ ಪ್ರಮೇಯವಿಲ್ಲ. ನಿನ್ನ ಬಾಯಿಂದ ಆ ಮಾತು ಬಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಅಭ್ಯಾಸಕ್ಕೆ ದೊಡ್ಡ ಪುಸ್ತಕ ಬೇಡ. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಶಬ್ದ ಬರೆ, ಬಲಪುಟದಲ್ಲಿ ನೀನು ಮಾಡಿದ ಯಾವ ಕೆಲಸಕ್ಕೆ ಅದು ಸಲ್ಲುತ್ತದೆ ಎಂದು ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆ, ಆಮೇಲೆ ಗಟ್ಟಿಯಾಗಿ ಓದು. ಬಲಪುಟ ಖಾಲಿ ಉಳಿದ ಶಬ್ದ ಈಗಿನ ಅರ್ಜಿಗೆ ಬೇಡ.

ತಿದ್ದಿದ ಪ್ರತಿಯನ್ನು ಭಾನುವಾರದೊಳಗೆ ಕಳಿಸು. ಸಂದರ್ಶನದ ಹಿಂದಿನ ವಾರ ಇಲ್ಲಿಗೇ ಬಂದುಬಿಡು. ನಾನು ಮೇಜಿನ ಆ ಕಡೆ ಕುಳಿತು ಪ್ರಶ್ನೆ ಕೇಳುತ್ತೇನೆ, ನಿನ್ನ ಚಿಕ್ಕಮ್ಮನೂ ಕೇಳುತ್ತಾಳಂತೆ. ನೇಮಕದ ಪತ್ರ ಬಂದ ದಿನ ಖುಷಿಯಲ್ಲಿ ಸಹಿ ಹಾಕಿಬಿಡದೆ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಕಳಿಸು. ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರಗಳನ್ನು ತಿಳಿಸು.

ಇತಿ,
ನಿನ್ನ ಚಿಕ್ಕಪ್ಪ